ಎರಡು ಬಾಯಿಯ ಪಾತ್ರೆ

ಆ ಪಾತ್ರೆಗಳ ಸುದ್ದಿ ನಾನು ಮೊದಲು ಕೇಳಿದ ದಿನ ಅಂಗಳದಲ್ಲಿ ಬಾದಾಮಿ ಒಡೆಯುತ್ತಾ ಕೂತಿದ್ದೆ. ಮಹಡಿ ಕೋಣೆಗೆ ಬಾಡಿಗೆಗೆ ಬಂದಿದ್ದ ವಜ್ದಿ ಕಂಪ್ಯೂಟರನ್ನು ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದು ಬಂದ. ಮೇಲೆ ಬಿಸಿಲು ಸುಡುತ್ತಿದೆ, ಇಲ್ಲೇ ನೆರಳಲ್ಲಿ ಕೂತು ಕೆಲಸ ಮಾಡಲಾ ಅಂತ ಕೇಳಿದ.

"ಕೂತ್ಕೋ ಮಗಾ, ಬೇಡ ಅಂದವರು ಯಾರು. ಬಾದಾಮಿ ಮಾತ್ರ ಮುಟ್ಟಬೇಡ."

ಮಾತು ಮುಗಿಯುವಷ್ಟರಲ್ಲಿ ಅವನ ದವಡೆ ಆಡುತ್ತಿತ್ತು. ಮಗಾ ಅಂತ ಕರೆದರೂ ಮೂವತ್ತು ದಾಟಿದವನು, ನೆತ್ತಿಯಲ್ಲಿ ಕೂದಲು ತೆಳ್ಳಗಾಗಿತ್ತು.

"ಬೆಳಗಿಂದ ಸಂಜೆತನಕ ಅದೇನು ಕುಟ್ತಾ ಇರ್ತೀಯಾ?"

"ಪಾತ್ರೆ ಜೋಡಿಸ್ತೀನಿ ಚಿಕ್ಕಮ್ಮ."

"ಹೌದಾ, ಒಳ್ಳೇದಾಯ್ತು. ನಮ್ಮ ಅಡುಗೆಮನೇಲಿ ಒಂದು ರಾಶಿ ಬಿದ್ದಿದೆ, ಜೋಡಿಸು ಬಾ."

ಅವನು ನಕ್ಕ. ನಕ್ಕರೆ ಕಣ್ಣು ಮುಚ್ಚಿಹೋಗುತ್ತಿತ್ತು. ಆಮೇಲೆ ತಮಾಷೆ ಬಿಟ್ಟು ನನಗೆ ತಿಳಿಯುವ ಹಾಗೆ ಹೇಳಿದ. ಕಂಪ್ಯೂಟರಿಗೆ ಮಾತು ಹೇಳುವುದಕ್ಕೆ ಒಂದು ಭಾಷೆ, ಪೈಥಾನ್ ಅಂತ ಹಾವಿನ ಹೆಸರು. ಮದುವೆಯಾದ ಹೆಣ್ಣು ತವರಿಂದ ಪಾತ್ರೆಪಗಡ ತರುವ ಹಾಗೆ ಅದು ಬರುವಾಗಲೇ ತನ್ನ ಪಾತ್ರೆಗಳನ್ನು ಹೊತ್ತು ತರುತ್ತದಂತೆ. ದಿನಬಳಕೆಯ ಪಾತ್ರೆ ಎಲ್ಲರಿಗೂ ಗೊತ್ತು. ಅದರ ಹಿಂದೆ ಇನ್ನೊಂದು ಕಪಾಟಿದೆ. ಅಲ್ಲಿರುವುದು ಒಂದೊಂದು ಕೆಲಸಕ್ಕೆ ಅಂತಲೇ ಮಾಡಿಟ್ಟವು.

"ರವೆಯ ಕುಸ್‌ಕುಸ್ ಹಬೇಲಿ ಬೇಯಿಸೋ ತೂತಿನ ಪಾತ್ರೆ ಥರ," ಅಂದೆ. "ಅದರಲ್ಲಿ ನೀರು ಕಾಯಿಸೋಕಾಗಲ್ಲ. ಆದ್ರೆ ಅದಿಲ್ಲದೆ ಕುಸ್‌ಕುಸ್ ಇಲ್ಲ."

"ಅದೇ ನೋಡಿ. ಒಂದಿದೆ, ನೀವು ಬಾದಾಮಿ ಎಸೀತಾ ಹೋದ್ರೆ ಸಿಹಿ ಎಷ್ಟು, ಕಹಿ ಎಷ್ಟು, ಅದೇ ಎಣಿಸಿ ಇಟ್ಕೊಳ್ಳುತ್ತೆ. ಒಂದಿದೆ, ಏನೇ ಹಾಕಿದ್ರೂ ಎಲ್ಲಕ್ಕಿಂತ ಹಗುರವಾದ್ದನ್ನ ಮೇಲೆ ತಂದಿಡುತ್ತೆ. ಇನ್ನೊಂದು ನಮ್ಮಮ್ಮನ ಥರ. ಇಲ್ಲದ ಹೆಸರು ಕೇಳಿದ್ರೆ ಬೇರೆ ಪಾತ್ರೆಗಳು ಜಗಳಕ್ಕೆ ಬರ್ತಾವೆ. ಇದು ಬರಲ್ಲ. ಯಾರೋ ಬಂದಿದಾರೆ ಅಂತ ಸುಮ್ಮನೆ ಒಂದು ಖಾಲಿ ತಟ್ಟೆ ಹಾಕಿಬಿಡುತ್ತೆ."

"ಆಹಾ, ಖಾಲಿ ತಟ್ಟೆ ಹಾಕಿ ಏನು ಬಂತು? ನಮ್ಮ ಸ್ಫಾಕ್ಸ್ ಊರಲ್ಲಿ ಅದನ್ನ ಅತಿಥಿಸತ್ಕಾರ ಅನ್ನಲ್ಲ."

ಆ ದಿನ ಎಷ್ಟೋ ಹೊತ್ತು ಪಾತ್ರೆಗಳ ಮಾತೇ ಆಡಿದೆವು. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಅಲ್ಲಿತನಕ ಯಾರೂ ನನ್ನನ್ನು ಕೂರಿಸಿ ಏನನ್ನೂ ಹೇಳಿಕೊಟ್ಟಿರಲಿಲ್ಲ. ಆದರೆ ಎರಡು ಬಾಯಿಯ ಪಾತ್ರೆಯ ವಿಷಯವನ್ನು ಅವನು ಅವತ್ತು ಎತ್ತಲೇ ಇಲ್ಲ. ಕಪಾಟಿನಲ್ಲಿ ಅದೇ ಮುಂದಿರುವ ಪಾತ್ರೆಯಂತೆ. ಅದನ್ನೇ ದಾಟಿ ಹೋದ.

ವಜ್ದಿ ಕೆರ್ಕೆನ್ನಾದವನು. ನಮ್ಮ ಬಂದರಿನಿಂದ ದೋಣಿ ಹತ್ತಿದರೆ ಸಿಗುವ ದ್ವೀಪ ಅದು. ಅಲ್ಲಿ ಅವನ ಅಪ್ಪ ಆಕ್ಟೋಪಸ್ ಹಿಡಿಯುವವನು. ಬಲೆ ಇಲ್ಲ, ಗಾಳ ಇಲ್ಲ. ಒಂದೇ ಹಗ್ಗಕ್ಕೆ ಸಾಲಾಗಿ ಮಡಕೆ ಕಟ್ಟಿ ಸಮುದ್ರದ ತಳಕ್ಕೆ ಇಳಿಸಿಬಿಡುವುದು. ಆಕ್ಟೋಪಸ್ ಅದನ್ನು ಮನೆ ಅಂದುಕೊಂಡು ಒಳಗೆ ಸೇರುತ್ತದೆ. ಹಗ್ಗ ಎಳೆದಾಗಲೂ ಮನೆ ಬಿಡುವುದಿಲ್ಲ, ಮನೆಯ ಸಮೇತ ಮೇಲೆ ಬರುತ್ತದೆ. ಚಿಕ್ಕಂದಿನಲ್ಲಿ ಆ ಮಡಕೆಗಳನ್ನು ತೊಳೆದು ಒಣಗಿಸುವುದು ವಜ್ದಿಯ ಕೆಲಸವಾಗಿತ್ತು. ಓದಿನಲ್ಲಿ ಚುರುಕು ಅಂತ ಮೇಷ್ಟರು ಅವನನ್ನು ದೋಣಿ ಹತ್ತಿಸಿ ನಮ್ಮೂರ ಕಾಲೇಜಿಗೆ ಕಳಿಸಿದರು. ಕಲಿತು, ಎಣ್ಣೆ ಗಾಣದವರ ಕಂಪ್ಯೂಟರ್ ಕೆಲಸ ಹಿಡಿದು ಇಲ್ಲೇ ನಿಂತ. ಯಾರ ಆಲಿವ್ ಮೊದಲು ಬಂತು, ಯಾರದ್ದು ಆಮೇಲೆ ಅರೆಯಬೇಕು, ಇಂಥವು.

ಒಳ್ಳೆಯ ಬಾಡಿಗೆದಾರ. ಗ್ಯಾಸ್ ಸಿಲಿಂಡರ್ ಹೊತ್ತು ತರುತ್ತಿದ್ದ. ಊರಿಗೆ ಹೋದರೆ ಅವನಮ್ಮ ಒಣಗಿಸಿದ ಆಕ್ಟೋಪಸ್ ಕಟ್ಟಿ ಕಳಿಸುತ್ತಿದ್ದಳು. ನಮ್ಮ ತಟ್ಟೆಗಳು ಮೆಟ್ಟಿಲ ಮೇಲೆ ಹತ್ತುತ್ತಾ ಇಳಿಯುತ್ತಾ ಇರುತ್ತಿದ್ದವು. ನಾನು ತೆಳು ಹಾಳೆಯಲ್ಲಿ ಮೊಟ್ಟೆ ಮಡಿಸಿ ಬ್ರಿಕ್ ಕರಿದು ಕಳಿಸಿದರೆ ಆ ತಟ್ಟೆಯಲ್ಲಿ ಅವನ ಖರ್ಜೂರ ಬರುತ್ತಿತ್ತು. ಕೈಯಲ್ಲಿ ಏನೂ ಇಲ್ಲದ ದಿನ ಒಂದು ಚಿಟಿಕೆ ಉಪ್ಪಾದರೂ ಹಾಕಿ ತರುತ್ತಿದ್ದ. ನೆರೆಯವರ ತಟ್ಟೆಯನ್ನು ಖಾಲಿ ಹಿಂದಿರುಗಿಸುವ ಜನ ನಾವಲ್ಲ.

"ಮಗನ್ನ ಹಡೆಯದೆ ಇದ್ರೂ ಮಗ ಸಿಕ್ಕಿದಾನೆ ನಿಂಗೆ," ಅಂದಳು ಮೂಲೆಮನೆ ನಜೀಹಾ.

"ಕಣ್ಣು ಹಾಕಬೇಡ್ವೇ."

ಈಗ, ವಜ್ದಿ ಬಾಡಿಗೆಗೆ ಬರುವ ಮುಂಚೆಯೇ ತೀರಿಹೋದ ನನ್ನ ಗಂಡನ ವಿಷಯ ಹೇಳಬೇಕು. ಅದಿಲ್ಲದೆ ಮುಂದಿನದು ಗೊತ್ತಾಗುವುದಿಲ್ಲ. ಅವರ ಹೆಸರು ಶಾದ್ಲಿ. ಬಂದರಿನಲ್ಲಿ ಫಾಸ್ಫೇಟ್ ರೈಲು ಖಾಲಿ ಮಾಡಿಸುವ ಕಡೆ ಜೀವಮಾನ ಸವೆಸಿದವರು. ಧೂಳು ಕುಡಿದ ಎದೆ. ಕೊರೋನಾ ಬಂದ ಎರಡನೇ ಬೇಸಿಗೆಯಲ್ಲಿ ಆಸ್ಪತ್ರೆಯ ಪಡಸಾಲೆಯಲ್ಲೂ ಜಾಗವಿರಲಿಲ್ಲ. ಊರಿನ ಒಂದು ಸೇವಾಸಂಘದವರು ಮನೆಗಳಿಗೆ ಆಕ್ಸಿಜನ್ ಯಂತ್ರ ಎರವಲು ಕೊಡುತ್ತಿದ್ದರು. ಒಂದು ಮನೆಯಲ್ಲಿ ಗುಣವಾದರೆ, ಇಲ್ಲ ಹೆಣ ಎದ್ದರೆ, ಯಂತ್ರ ಸರದಿಯಲ್ಲಿ ಮುಂದಿನವರಿಗೆ. ನಾನು ಫೋನ್ ಮಾಡಿದೆ. ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿ ಹೆಸರು ಬರೆದುಕೊಂಡಳು. ಮತ್ತೆ ಫೋನ್ ಮಾಡಿದಾಗ, "ನಿಮ್ಮ ಹೆಸರು ಮೇಲೇ ಇದೆ ಅಮ್ಮ, ಇನ್ನು ಸ್ವಲ್ಪ ತಡ್ಕೊಳ್ಳಿ" ಅಂದಳು.

ಕಿಟಕಿ ಹತ್ತಿರ ನಿಂತೆ. ಒಳಗೆ ಅವರ ಉಸಿರು ಗರಗಸದ ಹಾಗೆ ಎಳೆಯುತ್ತಿತ್ತು. ಯಂತ್ರದ ಗಾಡಿ ನಮ್ಮ ಬೀದಿಗೆ ಬಂತು. ನಾನು ಬಾಗಿಲು ತೆಗೆದು ನಿಂತೆ. ಗಾಡಿ ನಮ್ಮ ಮನೆ ದಾಟಿ ಮೂಲೆಗೆ ಹೋಗಿ ನಜೀಹಾಳ ಮನೆ ಮುಂದೆ ನಿಂತಿತು. ಅವಳು ನನಗಿಂತ ಆಮೇಲೆ ಫೋನ್ ಮಾಡಿದವಳು. ನಂಬರ್ ಕೊಟ್ಟವಳೇ ನಾನು.

ಮೂರನೇ ಸಲ ಫೋನ್ ಮಾಡಿದೆ. "ಶಾದ್ಲಿ ಅಂತ ಯಾರೂ ಕಾಣ್ತಿಲ್ಲವಲ್ಲ ಅಮ್ಮ. ಹೊಸದಾಗಿ ಬರ್ಕೊಳ್ಳಲಾ?" ಅಂದಳು ಅದೇ ಹುಡುಗಿ. ಬರ್ಕೋ ಅನ್ನಬೇಕು, ಅಷ್ಟರಲ್ಲಿ ಒಳಗಿನ ಗರಗಸ ನಿಂತುಬಿಟ್ಟಿತ್ತು.

ನಜೀಹಾಳ ಗಂಡ ಇವತ್ತಿಗೂ ಕಾಫಿ ಅಂಗಡಿಯಲ್ಲಿ ಇಸ್ಪೀಟು ಎಸೆಯುತ್ತಾನೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಬಂದ ಯಂತ್ರವನ್ನು ಬೇಡ ಅನ್ನುವ ಹೆಂಡತಿ ಯಾರಿದ್ದಾಳೆ. ನನಗೆ ಬೇಕಾಗಿದ್ದದ್ದು ಶಾದ್ಲಿಯ ಹೆಸರು ತೆಗೆದ ಕೈ. ಮೇಲೇ ಇದ್ದ ಹೆಸರು ತಾನಾಗಿ ಹೋಗುವುದಿಲ್ಲ, ಯಾರೋ ಬೇಕಾದವರಿಗಾಗಿ ತೆಗೆದಿದ್ದಾರೆ ಅಂತಲೇ ನನ್ನ ಲೆಕ್ಕ. ಐದು ಹೊತ್ತಿನ ನಮಾಜಿನಲ್ಲೂ ಒಂದೇ ಬೇಡಿಕೆ. ಸ್ವರ್ಗ ಬೇಡ, ಆ ಕೈಯನ್ನು ನನ್ನ ಬಾಗಿಲಿಗೆ ತಂದು ನಿಲ್ಲಿಸು. ನಮ್ಮ ಮಸೀದಿಯ ಇಮಾಮರು ಕೇಳಿದರೆ ತಪ್ಪು ಅನ್ನುತ್ತಿದ್ದರು. ಅವರನ್ನು ಕೇಳುವುದಕ್ಕೆ ನಾನು ಹೋಗಲಿಲ್ಲ.

ಚಳಿಗಾಲದ ಒಂದು ಮಧ್ಯಾಹ್ನ ಕರೆಂಟು ಹೋಯಿತು. ವಜ್ದಿ ಕೆಳಗೆ ಬಂದು ನನ್ನ ಕೆಂಡದ ಒಲೆಯ ಹತ್ತಿರ ಕೂತ. ಚಹಾ ಕುದಿಯುತ್ತಿತ್ತು. ಸುಮ್ಮನೆ ಮಾತಿಗೆ ಕೇಳಿದೆ.

"ನಿನ್ನ ಕಪಾಟಲ್ಲಿ ಇನ್ನೇನು ಉಳಿದಿದೆಯೋ? ಎಲ್ಲಾ ಮುಗೀತಾ?"

ಅವನು ಕೆಂಡ ಕೆದಕಿದ. ಆಮೇಲೆ ಹೇಳಿದ. "ಒಂದಿದೆ ಚಿಕ್ಕಮ್ಮ. ಎರಡು ಕಡೆ ಬಾಯಿರೋದು. ಈ ಬಾಯಲ್ಲಿ ಹಾಕು, ಆ ಬಾಯಲ್ಲಿ ತೆಗಿ. ಸರದಿ ಇಡೋಕೆ ಅದರಷ್ಟು ಒಳ್ಳೇದು ಬೇರೆ ಇಲ್ಲ. ಬೇಕಾದ್ರೆ ಒಂದು ಅಳತೇನೂ ಕಟ್ಟಬಹುದು, ಇಷ್ಟೇ ಹಿಡೀಬೇಕು ಅಂತ."

"ತುಂಬಿದ ಮೇಲೆ ಹಾಕಿದ್ರೆ?"

"ಹೊಸಬನ್ನ ಈ ಬಾಯಲ್ಲಿ ತಗೊಳ್ಳುತ್ತೆ. ಆ ಬಾಯಲ್ಲಿದ್ದೋನು ಬಿದ್ದುಹೋಗ್ತಾನೆ. ಸದ್ದಿಲ್ಲ, ದೂರಿಲ್ಲ. ಯಾರು ಬಿದ್ದ ಅಂತ ಪಾತ್ರೆಗೂ ನೆನಪಿರಲ್ಲ."

"ಆ ಬಾಯಲ್ಲಿದ್ದೋನು ಅಂದ್ರೆ ಯಾರು?"

"ಎಲ್ಲರಿಗಿಂತ ಮೊದಲು ಬಂದೋನು. ಎಲ್ಲರಿಗಿಂತ ಜಾಸ್ತಿ ಕಾದೋನು."

ಅವನೇ ಹೇಳುತ್ತಾ ಹೋದ. ಕೊರೋನಾದ ಆ ಎರಡನೇ ಬೇಸಿಗೆಗೆ ಮುಂಚೆ ಒಂದು ಸೇವಾಸಂಘಕ್ಕೆ ಆಕ್ಸಿಜನ್ ಯಂತ್ರದ ಸರದಿ ನೋಡಿಕೊಳ್ಳುವ ಕೆಲಸ ಕಂಪ್ಯೂಟರಿಗೆ ಹೇಳಿಕೊಟ್ಟವನು ಇವನೇ. ಪುಕ್ಕಟೆ ಮಾಡಿಕೊಟ್ಟಿದ್ದ. ಪರೀಕ್ಷೆ ಮಾಡುವಾಗ ಪರದೆಯ ಮೇಲೆ ಹೆಸರು ಉದ್ದಕ್ಕೆ ಹರಡಬಾರದು ಅಂತ ಪಾತ್ರೆಗೆ ಒಂದು ಅಳತೆ ಕಟ್ಟಿದ್ದನಂತೆ. ಪರೀಕ್ಷೆ ಮುಗಿದ ಮೇಲೆ ಬಿಚ್ಚಬೇಕಿತ್ತು.

"ಬಿಚ್ಚಲಿಲ್ಲ," ಅಂದ. "ನಮ್ಮ ಕಸುಬಿನೋರು ಎಲ್ಲರೂ ಒಂದಲ್ಲ ಒಂದ್ಸಲ ಮಾಡೋ ತಪ್ಪು. ಪರೀಕ್ಷೆಗೆ ಅಂತ ಏನೋ ಕಟ್ಟೋದು, ಹಾಗೇ ಬಿಡೋದು. ಮೊದಮೊದಲು ಅಷ್ಟು ಜನ ಇರಲಿಲ್ಲ, ಗೊತ್ತಾಗಲಿಲ್ಲ. ಜುಲೈನಲ್ಲಿ ಊರಿಗೆ ಊರೇ ಫೋನ್ ಮಾಡ್ತು. ಒಂದು ಹೆಸರು ಒಳಗೆ ಬಂದ್ರೆ ಒಂದು ಹೆಸರು ಹೊರಗೆ. ನನ್ನ ಕಣ್ಣಿಗೆ ಬೀಳೋಷ್ಟರಲ್ಲಿ ಬೇಸಿಗೆ ಮುಗಿದಿತ್ತು. ಸಂಘದ ಯಜಮಾನರಿಗೆ ಹೇಳಿದೆ. ಯಾರೂ ಕೇಳಿಲ್ಲವಲ್ಲ, ನೀನ್ಯಾಕೆ ಎತ್ತುತೀಯಾ ಅಂದ್ರು. ಅವತ್ತಿಂದ ನಾನು ಆ ಪಾತ್ರೆ ಮುಟ್ಟಿಲ್ಲ. ಅದೇ ಬೇಕಾದ ಕಡೆ ಬೇರೇದನ್ನ ಬಳಸ್ತೀನಿ. ನಿಧಾನ ಆಗುತ್ತೆ, ಗಾಣದವರು ಬೈತಾರೆ."

"ತಪ್ಪು ಪಾತ್ರೇದಲ್ಲವಲ್ಲ."

"ಅಲ್ಲ. ಪಾತ್ರೆ ಹೇಳಿದ್ದನ್ನೇ ಮಾಡ್ತು. ತಪ್ಪು ಅಳತೆ ಕಟ್ಟಿದೋನದು."

ನಾನು ಚಹಾ ಸೋಸಿದೆ. ಅವನ ಲೋಟಕ್ಕೆ ಬಾದಾಮಿ ಹಾಕಿದೆ. ಒಂದೂ ಆಚೆ ಬೀಳಲಿಲ್ಲ.

ಲೋಟ ಕೈಗೆ ತೆಗೆದುಕೊಂಡು ಅವನು ತಲೆ ಎತ್ತಿದ. "ನಿಮ್ಮೋರು ಹೋಗಿದ್ದೂ ಆ ಬೇಸಿಗೇಲೇ ಅಲ್ವಾ ಚಿಕ್ಕಮ್ಮ?"

"ಹೌದು. ಗಾಫ್ಸಾದಲ್ಲಿ, ಅವರ ತಮ್ಮನ ಮನೇಲಿ. ಹೃದಯ ನಿಂತುಹೋಯ್ತು."

ಸುಳ್ಳು ನಾಲಿಗೆಯ ಮೇಲೆ ತಾನಾಗಿ ಬಂತು. ಅವನ ಹೆಗಲು ಸಡಿಲವಾಯಿತು. ಆ ನೆಮ್ಮದಿಯನ್ನು ನಾನು ಕಣ್ಣಾರೆ ಕಂಡೆ. ಬೇಡಿಕೊಂಡಿದ್ದ ಕೈ ನನ್ನ ಲೋಟ ಹಿಡಿದು, ನನ್ನ ಒಲೆಯಲ್ಲೇ ಕಾಯಿಸಿಕೊಳ್ಳುತ್ತಿತ್ತು. ಆಗಲೇ ಕೂಗಿ ಆಚೆ ಹಾಕಬಹುದಿತ್ತು. ಆದರೆ ಕೂಗಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ನನಗೆ ಅಷ್ಟು ಸಾಕಾಗುತ್ತಿರಲಿಲ್ಲ.

ಅವನೇ ದಾರಿ ಮಾಡಿಕೊಟ್ಟ. "ಬಿದ್ದೋರಲ್ಲಿ ಒಂದು ಮನೆಯಾದ್ರೂ ಸಿಕ್ಕಿದ್ರೆ ಹೋಗಿ ಹೇಳಿಬಿಡ್ತೀನಿ. ಬೈದ್ರೆ ಬೈಲಿ, ಹೊಡೆದ್ರೆ ಹೊಡೀಲಿ. ಯಾರು ಅಂತ ಗೊತ್ತಿಲ್ಲದೆ ಇರೋದು ಇದೆಯಲ್ಲ, ಅದು ಕೊಲ್ತಾ ಇದೆ. ನಿಮಗೆ ಊರೆಲ್ಲ ಗೊತ್ತು. ವಿಚಾರಿಸ್ತೀರಾ?"

"ಯಾಕಿಲ್ಲ ಮಗಾ. ವಿಚಾರಿಸ್ತೀನಿ."

ಹೀಗೆ ಅವನನ್ನು ಓಡಾಡಿಸುವುದಕ್ಕೆ ಶುರುಮಾಡಿದೆ. ಹಳೇಪೇಟೆಯ ಬೀದಿಗಳಲ್ಲಿ ಎಲ್ಲಿ ಸಾವಾಗಿದೆ, ಯಾರು ಇನ್ನೂ ಅಳುತ್ತಾರೆ, ಯಾರ ನಾಲಿಗೆ ಚೂಪು, ಎಲ್ಲ ನನಗೆ ಗೊತ್ತಿತ್ತು. ಆ ಮನೆಗಳಿಗೇ ಕಳಿಸಿದೆ. ಯಂತ್ರಕ್ಕೂ ಆ ಸಾವುಗಳಿಗೂ ಸಂಬಂಧವೇ ಇರಲಿಲ್ಲ. ಪೇಟೆಬಾಗಿಲ ಹತ್ತಿರದ ಮುದುಕಿ ಸತ್ತ ಮಗನ ಶರ್ಟುಗಳನ್ನೆಲ್ಲ ಹರವಿ, ಇವನಿಗೆ ತೊಡಿಸಿ ನೋಡಿ ಅತ್ತಳು. ಅವಳ ಮಗ ಮೋಟಾರ್‌ಸೈಕಲ್‌ನಿಂದ ಬಿದ್ದು ಹೋದವನು. ಒಬ್ಬ ಕಟುಕ, ಸಾಲ ವಸೂಲಿಗೆ ಬಂದವನು ಅಂತ ತಿಳಿದು ಚಪ್ಪಲಿ ಎಸೆದ.

"ಬಿತ್ತಾ?" ಅಂತ ಕೇಳಿದೆ.

"ಕಿವಿಗೆ ಸವರ್ಕೊಂಡು ಹೋಯ್ತು."

"ಅಯ್ಯೋ, ತಪ್ಪಿತಾ," ಅಂದೆ. ಕನಿಕರ ಅಂತ ತಿಳಿದು ಅವನು ನಕ್ಕ.

ನಜೀಹಾಳ ಮನೆಗೆ ಮಾತ್ರ ಕಳಿಸಲಿಲ್ಲ. ಅವಳ ಬಾಯಿಗೆ ಚಿಲಕವಿಲ್ಲ. ಪ್ರತಿ ಸಲ ಅವನು ಬಾಡಿದ ಮುಖ ಹೊತ್ತು ಬಂದಾಗ ಹೊಟ್ಟೆ ತುಂಬ ಬಡಿಸುತ್ತಿದ್ದೆ. ಸೊರಗಿ ಹಾಸಿಗೆ ಹಿಡಿದರೆ ಹುಡುಕಾಟ ನಿಂತುಹೋಗುತ್ತದೆ, ಅದು ನನಗೆ ಬೇಕಿರಲಿಲ್ಲ. ಅವನು ತಿನ್ನುತ್ತಿದ್ದ, ನಾನು ನೋಡುತ್ತಿದ್ದೆ. ಶಾದ್ಲಿ ಕೂರುತ್ತಿದ್ದ ಜಾಗದಲ್ಲೇ ಕೂರಿಸುತ್ತಿದ್ದೆ. ಒಮ್ಮೊಮ್ಮೆ ಅವನಿಗೆ ಇನ್ನೊಂದು ತುಂಡು ಮೀನು ಬಡಿಸಿಬಿಟ್ಟ ಮೇಲೆ ನೆನಪಾಗುತ್ತಿತ್ತು ಇವನು ಯಾರು ಅಂತ. ನೆನಪಾದ ಕೂಡಲೇ ಇನ್ನೊಂದು ಮನೆಯ ಗುರುತು ಹೇಳುತ್ತಿದ್ದೆ.

ರಂಜಾನ್ ಮುಗಿಯುತ್ತಾ ಬಂತು. ಉಪವಾಸ ಬಿಡುವ ಹೊತ್ತಿಗೆ ಒಂದು ಸಂಜೆ ವಜ್ದಿ ಖರ್ಜೂರ ಬಾಯಿಗಿಟ್ಟುಕೊಂಡು ಹಗುರವಾಗಿ ಮಾತಾಡಿದ. ಎಷ್ಟೋ ದಿನದ ಮೇಲೆ ಅವನ ಕಣ್ಣು ಮುಚ್ಚುವ ಹಾಗೆ ನಗು ಬಂದಿತ್ತು.

"ಒಂದು ಯೋಚನೆ ಬಂತು ಚಿಕ್ಕಮ್ಮ. ಇಷ್ಟು ಮನೆ ಹತ್ತಿ ಇಳಿದೆ, ಒಬ್ಬರೂ ಸಿಗಲಿಲ್ಲ. ಬಿದ್ದ ಹೆಸರಿನೋರಿಗೆ ಬೇರೆ ಕಡೆಯಿಂದ ಯಂತ್ರ ಸಿಕ್ಕಿರಬೇಕು. ಇಲ್ಲಾ ಮತ್ತೆ ಫೋನ್ ಮಾಡಿ ಸೇರ್ಕೊಂಡಿರಬೇಕು. ನನ್ನಿಂದ ಯಾರೂ ಸಾಯಲಿಲ್ಲವೇನೋ."

ನಾನು ಸೂಪಿನ ಬಟ್ಟಲು ಅವನ ಮುಂದಿಟ್ಟೆ. ನಾನು ಹೆಣೆದ ಬಲೆಯೇ ಅವನಿಗೆ ಹಾಸಿಗೆಯಾಗುತ್ತಿತ್ತು. ನಾನು ಸುಳ್ಳು ಮನೆಗಳನ್ನು ತೋರಿಸಿದಷ್ಟೂ ಅವನ ಎದೆಯ ಭಾರ ಇಳಿಯುತ್ತಿತ್ತು. ಇನ್ನು ನಾಲ್ಕು ಮನೆಗೆ ಕಳಿಸಿದರೆ ಈ ಹುಡುಗ ಗುಣವಾಗಿಬಿಡುತ್ತಾನೆ. ನನ್ನ ಶಾದ್ಲಿ ಎರಡನೇ ಸಲ ಬಿದ್ದುಹೋಗುತ್ತಾರೆ, ಸದ್ದಿಲ್ಲದೆ.

"ಇರಬಹುದು ಮಗಾ," ಅಂದೆ. "ಸೂಪ್ ಕುಡಿ."

ಹಬ್ಬದ ದಿನ ಸಮುದ್ರದಲ್ಲಿ ಗಾಳಿ ಎದ್ದು ದ್ವೀಪದ ದೋಣಿ ನಿಂತಿತ್ತು. ವಜ್ದಿಗೆ ಮನೆಗೆ ಹೋಗಲಾಗಲಿಲ್ಲ. ಅವನಮ್ಮ ಮುಂಚೆಯೇ ಕಳಿಸಿದ್ದ ಉಪ್ಪುಮೀನು ಬೇಯಿಸಿ, ಅದಕ್ಕೆ ಒಣದ್ರಾಕ್ಷಿ ಈರುಳ್ಳಿಯ ಗೊಜ್ಜು ಶರ್ಮೂಲಾ ಬಿಸಿ ಮಾಡಿ, ಬೆಳಗ್ಗೆಯೇ ಹೊಸ ಅಂಗಿ ತೊಟ್ಟು ತಟ್ಟೆ ಹಿಡಿದು ಇಳಿದು ಬಂದ. ನೀಲಿ ಅಂಚಿನ, ಮೀನಿನ ಚಿತ್ರದ ತಟ್ಟೆ.

"ಹಬ್ಬದ ಶುಭ ಚಿಕ್ಕಮ್ಮ. ವರ್ಷದಲ್ಲಿ ಏನಾದ್ರೂ ನೋಯಿಸಿದ್ರೆ ಮನಸ್ಸಲ್ಲಿಟ್ಕೋಬೇಡಿ."

ಹಬ್ಬದ ದಿನ ಎಲ್ಲರೂ ಎಲ್ಲರಿಗೂ ಹೇಳುವ ಮಾತು. ನಾನು ತಟ್ಟೆ ತೆಗೆದುಕೊಂಡೆ, ಉತ್ತರ ಕೊಡಲಿಲ್ಲ. ಅವನು ನಮಾಜಿಗೆ ಹೋದ. ನಾನು ಶರ್ಮೂಲಾ ತಿಂದೆ. ಚೆನ್ನಾಗಿತ್ತು, ಅವನಮ್ಮನ ಕೈ ಒಳ್ಳೆಯದು. ತಟ್ಟೆ ತೊಳೆದೆ, ಬಟ್ಟೆಯಿಂದ ಒರೆಸಿದೆ, ಒಣಗಿದೆಯಾ ಅಂತ ಬೆರಳಾಡಿಸಿ ನೋಡಿದೆ. ಖಾಲಿ ತಟ್ಟೆಯನ್ನು ಅವನ ಬಾಗಿಲ ಮುಂದೆ ಇಟ್ಟು ಬಂದೆ.

ಅವನು ಮಸೀದಿಯಿಂದ ಬಂದು ಮೇಲೆ ಹತ್ತಿದ್ದು ಕೇಳಿಸಿತು. ಹೆಜ್ಜೆ ನಿಂತದ್ದೂ ಕೇಳಿಸಿತು. ಇಳಿದು ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ಚಿಕ್ಕಮ್ಮ, ತಟ್ಟೆ ಖಾಲಿ ಬಂದಿದೆ."

"ಬಂದಿದೆ."

"ಮರೆತಿರೇನೋ."

"ನಾನು ಮರೆಯೋಳಲ್ಲ ವಜ್ದಿ. ನೀನು ಊರೆಲ್ಲ ಮೆಟ್ಟಿಲು ಹತ್ತಿದೆ. ದಿನಾ ಇಳಿಯೋ ಮೆಟ್ಟಿಲ ಕೆಳಗೇ ಒಂದು ಬಾಗಿಲಿದೆ, ಅದನ್ನ ತಟ್ಟಲೇ ಇಲ್ಲವಲ್ಲ."

"ಗಾಫ್ಸಾ ಅಂದ್ರಿ."

"ಅಂದೆ. ಆ ಕೋಣೇಲಿ, ಆ ಮಂಚದ ಮೇಲೆ. ನಿಮ್ಮ ಯಂತ್ರದ ಗಾಡಿ ಇದೇ ಬಾಗಿಲು ದಾಟಿ ಮೂಲೆಗೆ ಹೋಯ್ತು. ಹೆಸರು ಮೇಲೇ ಇದೆ ಅಂದಿದ್ಲು ನಿಮ್ಮ ಹುಡುಗಿ."

"ಮೇಲೇ ಇತ್ತು ಅಂದ್ರೆ..."

"ಮೊದಲು ಬೀಳೋರು ಅವರೇ. ನೀನೇ ಕಲಿಸಿದ್ದು."

ಅವನು ಮೆಟ್ಟಿಲ ಮೇಲೆ ಕೂತ. ಹೊಸ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. ಬೀದಿಯಲ್ಲಿ ಮಕ್ಕಳು ಹಬ್ಬದ ಪೀಪಿ ಊದುತ್ತಿದ್ದರು.

"ಎಲ್ಲ ಗೊತ್ತಿದ್ದೂ ನನಗೆ ಊಟ ಹಾಕಿದ್ರಿ."

"ಹಾಕಿದೆ."

"ಆ ಮುದುಕಿಯ ಮಗ?"

"ಮೋಟಾರ್‌ಸೈಕಲ್."

ಅಷ್ಟೇ ಮಾತು. ಗಾಳಿ ತಗ್ಗಿದ ದಿನ ಅವನು ಗಂಟುಮೂಟೆ ಕಟ್ಟಿದ. ಈಗ ದ್ವೀಪದಲ್ಲೇ ಇದ್ದಾನೆ. ಸುದ್ದಿ ತಂದವಳು ನಜೀಹಾ.

"ಅಪ್ಪನ ಜೊತೆ ಮಡಕೆ ಇಳಿಸ್ತಾನಂತೆ. ಕಂಪ್ಯೂಟರ್ ಮುಟ್ಟೋದೇ ಇಲ್ವಂತೆ. ಅಷ್ಟು ಓದಿ ಏನಾಯ್ತು ನೋಡು, ಪಾಪ. ನೀನಾದ್ರೂ ಕರೆದು ಒಂದು ಮಾತಾಡಬಾರದೇನೇ?"

"ಪಾಪ ಅನ್ನೋಕೆ ನಿಂಗೆ ಮನೇಲಿ ಗಂಡ ಇದಾನೆ. ನೀನು ಅನ್ನು."

ಅವಳು ಅವತ್ತು ಎದ್ದು ಹೋದವಳು ಒಂದು ತಿಂಗಳು ಬರಲಿಲ್ಲ. ಆಮೇಲೆ ಬಂದಳು. ಮಹಡಿ ಕೋಣೆ ಖಾಲಿಯೇ ಇದೆ. ಎರಡು ಮೂರು ಜನ ನೋಡಿಕೊಂಡು ಹೋದರು. ಒಬ್ಬನಿಗೂ ಕೊಡಲಿಲ್ಲ. ನಮಾಜಿನಲ್ಲಿ ಈಗ ಬೇಡುವುದಕ್ಕೆ ಏನೂ ಉಳಿದಿಲ್ಲ, ಬೇಗ ಮುಗಿಯುತ್ತದೆ. ಮೀನಿನ ಚಿತ್ರದ ತಟ್ಟೆ ನನ್ನ ಕಪಾಟಿನ ಮೇಲೆ ಬೋರಲು ಬಿದ್ದಿದೆ. ಹೋಗುವಾಗ ಅವನು ಅದನ್ನು ಖಾಲಿಯಾಗಿಯೇ ಹೊಸ್ತಿಲ ಮೇಲೆ ಬಿಟ್ಟು ಹೋದ.

ಬಿಟ್ಟು ಹೋಗುವ ಮುಂಚೆ ಬಾಗಿ ನನ್ನ ತಲೆಗೆ ಮುತ್ತಿಡಲು ಬಂದ, ನಾನು ಹಿಂದೆ ಸರಿದೆ. ಕ್ಷಮಿಸಿ ಅಂತ ಅವನು ಅನ್ನಲಿಲ್ಲ. ಬ್ಯಾಗು ಕೆಳಗಿಟ್ಟು, ಆ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು ನನ್ನ ಮುಂದೆ ಚಾಚಿದ.

"ಚಿಕ್ಕಮ್ಮ, ಇದಕ್ಕೆ ಏನಾದ್ರೂ ಹಾಕಿಕೊಡಿ. ಉಪ್ಪಾದ್ರೂ ಸಾಕು."